ಕೂದಲೆಳೆಯ ಬಂಧನ: ಗಂಡುಶಿಶುಗಳ ಒಂದು ಮೂತ್ರಾಂಗ ವಿಪತ್ತು



ದತ್ತಿ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಭಾಷಣಕಾರನಿಗೇ ಬಿಟ್ಟುಕೊಟ್ಟಾಗ, ಆತನು ಸಾಧಾರಣವಾಗಿ ತನ್ನ ಶಾಸ್ತ್ರದ ಉನ್ನತ ಶಿಖರವೊಂದನ್ನು ತೋರಿಸಿ ಸಭಿಕರನ್ನು ಬೆರಗುಗೊಳಿಸಲು ಹವಣಿಸುವುದುಂಟು. ಮಕ್ಕಳ ಶಸ್ತ್ರವೈದ್ಯನೆಂದರೆ ಹೃದಯದ ರಂಧ್ರವನ್ನು ಮುಚ್ಚಿದ ಕಥೆಯನ್ನೋ, ಅಂಟಿಕೊಂಡು ಹುಟ್ಟಿದ ಅವಳಿಗಳನ್ನು ಬೇರ್ಪಡಿಸಿದ ವೃತ್ತಾಂತವನ್ನೋ ಹೇಳುವನೆಂದು ಸಭಿಕರೂ ನಿರೀಕ್ಷಿಸುವುದುಂಟು. ನಾನು ಇಂದು ತಮ್ಮ ಮುಂದಿಡಬೇಕೆಂದಿರುವುದಾದರೋ ಒಂದು ಕೂದಲಿನ ವಿಚಾರ. ಬಾಚಣಿಗೆಯಿಂದ ತೆಗೆದು ಸುರುಳಿ ಸುತ್ತಿ ಕಿಟಕಿಯಾಚೆ ಎಸೆಯುವ, ಅನ್ನದಲ್ಲಿ ಸಿಕ್ಕರೆ ಮುಖ ಸಿಂಡರಿಸುವ, ಅದಕ್ಕಿಂತ ಹೆಚ್ಚಿನ ಗೌರವಕ್ಕೆ ಎಂದೂ ಪಾತ್ರವಾಗದ ತಲೆಗೂದಲು, ತೊಟ್ಟಿಲ ಕೂಸಿನ ಕಾಲ್ಬೆರಳಿಗೋ ಕೈಬೆರಳಿಗೋ, ಗಂಡುಮಗುವಾದರೆ ಅದರ ಶಿಶ್ನಕ್ಕೋ, ಯಾರೂ ಸುತ್ತದೆ ತಾನಾಗಿ ಸುತ್ತಿಕೊಂಡು, ಬಿಗಿದು, ಚರ್ಮದೊಳಗೆ ಹುದುಗಿ, ಆ ಅಂಗವನ್ನು ಕ್ರಮೇಣ ಕೊಯ್ಯುವುದುಂಟೆಂಬ ಸಂಗತಿಯನ್ನು ಇಲ್ಲಿ ನೆರೆದಿರುವ ತಾಯಂದಿರಲ್ಲಿ ಎಷ್ಟು ಮಂದಿ ಕೇಳಿಬಲ್ಲರೋ ಅರಿಯೆ. ವೈದ್ಯವಿದ್ಯಾರ್ಥಿಗಳ ಪಠ್ಯದಲ್ಲಿಯೂ ಇದಕ್ಕೆ ದೊರೆತಿರುವ ಸ್ಥಳವು ಒಂದು ಪರಿಚ್ಛೇದಕ್ಕಿಂತ ಹೆಚ್ಚಿನದಲ್ಲ.

ಇಂಥ ವಿಷಯವನ್ನು ಸ್ತ್ರೀಪುರುಷರು ಕೂಡಿದ ಸಭೆಯಲ್ಲಿ ಎತ್ತುವುದು ಔಚಿತ್ಯವೇ ಎಂದು ಮಿತ್ರರೊಬ್ಬರು ಸಂದೇಹಪಟ್ಟರು. ಔಚಿತ್ಯವಲ್ಲವೆಂಬ ಆ ಭಾವನೆಯೇ ಈ ವ್ಯಾಧಿಯ ಅರ್ಧಭಾಗವಾಗಿರುವುದರಿಂದ, ನಾನು ಅವರ ಸಲಹೆಯನ್ನು ವಿನಯದಿಂದ ಪಕ್ಕಕ್ಕಿಟ್ಟು ಮುಂದುವರಿಯುತ್ತೇನೆ.

ಕೂದಲೆಂಬ ದ್ರವ್ಯದ ಸ್ವಭಾವವನ್ನು ಮೊದಲು ನೋಡಬೇಕು. ಅದರ ದಪ್ಪವು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗವನ್ನು ಮೀರುವುದು ವಿರಳ. ಅನೇಕರಲ್ಲಿ ಅದರ ಅರ್ಧದಷ್ಟು ಮಾತ್ರ. ಆದರೂ ಸುಲಭವಾಗಿ ಹರಿಯದ ಗಟ್ಟಿತನವುಳ್ಳದ್ದು. ಒದ್ದೆಯಾದಾಗ ಅದು ಹಿಗ್ಗುತ್ತದೆ, ಎಳೆದರೆ ಇನ್ನೂ ನೀಳವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಜಿನೀವಾ ನಗರದ ಪ್ರಕೃತಿವಿಜ್ಞಾನಿಯಾಗಿದ್ದ ಹೊರೇಸ್ ದ ಸೊಸ್ಯೂರ್ ಎಂಬಾತನು 1783ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾಯುವಿನ ತೇವವನ್ನು ಅಳೆಯುವ ಯಂತ್ರವೊಂದನ್ನು ವರ್ಣಿಸಿದ್ದಾನೆ; ಅದರ ಜೀವಾಳವೆಂದರೆ ಮನುಷ್ಯನ ಒಂದು ತಲೆಗೂದಲು. ಗಾಳಿಯಲ್ಲಿ ತೇವ ಹೆಚ್ಚಿದಂತೆ ಕೂದಲು ಉದ್ದವಾಗಿ, ತೇವ ಕಡಿಮೆಯಾದಂತೆ ಗಿಡ್ಡವಾಗಿ, ಅದಕ್ಕೆ ತಗುಲಿಸಿದ ಮುಳ್ಳನ್ನು ಅತ್ತಿತ್ತ ಸರಿಸುತ್ತದೆ. ಆ ವಿಜ್ಞಾನಿಗೆ ಉಪಕಾರಿಯಾದ ಇದೇ ಗುಣವು ಕೂಸಿನ ಪಾಲಿಗೆ ಅಪಕಾರಿಯಾಗುತ್ತದೆ. ಎಣ್ಣೆನೀರಿನ ಸ್ನಾನದಲ್ಲಿ, ಮೂತ್ರದಿಂದ ತೊಯ್ದ ಬಟ್ಟೆಯಲ್ಲಿ, ಡಯಪರಿನ ಬೆವರಿನಲ್ಲಿ ಹಿಗ್ಗಿದ ಸ್ಥಿತಿಯಲ್ಲಿ ಸುತ್ತಿಕೊಂಡ ಎಳೆ, ಬಟ್ಟೆ ಬಿಚ್ಚಿ ಗಾಳಿ ತಾಗಿದಾಗ ಕುಗ್ಗಿ ಬಿಗಿಯಾಗುತ್ತದೆ. ಮಗುವು ಕೈಕಾಲು ಆಡಿಸಿದಷ್ಟೂ ಮತ್ತೊಂದು ಸುತ್ತು, ಮತ್ತೊಂದು ಗಂಟು ಬೀಳುತ್ತದೆ.

ಎಳೆಯೊಂದು ಕತ್ತಿಯಿಲ್ಲದೆ ಮಾಂಸವನ್ನು ಕೊಯ್ಯಬಲ್ಲುದೆಂಬುದನ್ನು ನಂಬಲು ನಾವು ವಿದೇಶದ ಗ್ರಂಥಗಳಿಗೆ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಮೈಮೇಲೆದ್ದ ನರಹುಲಿಗೆ ಕುದುರೆಯ ಬಾಲದ ಕೂದಲನ್ನು ಬಿಗಿಯಾಗಿ ಕಟ್ಟಿ, ಕೆಲವು ದಿನಗಳಲ್ಲಿ ಅದು ಕಪ್ಪಾಗಿ ಒಣಗಿ ಉದುರುವಂತೆ ಮಾಡುವ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ಸುಶ್ರುತಾಚಾರ್ಯನು ಗಾಯವನ್ನು ಹೊಲಿಯಲು ತಕ್ಕ ಎಳೆಗಳನ್ನು ಹೇಳುವಾಗ ನಾರು, ಸೆಣಬು, ಸ್ನಾಯುಗಳ ಜೊತೆಯಲ್ಲಿ ಕೂದಲನ್ನೂ ಎಣಿಸಿದ್ದಾನೆ. ಕೃಶರೂ ದುರ್ಬಲರೂ ಭೀರುಗಳೂ ಆದ ರೋಗಿಗಳಲ್ಲಿ, ಮರ್ಮಸ್ಥಾನವನ್ನು ಆಶ್ರಯಿಸಿದ ನಾಡೀವ್ರಣವನ್ನು, ಎಂದರೆ ಕೊಳವೆಯಂತೆ ಒಳಗಿಳಿದ ಹುಣ್ಣನ್ನು, ಶಸ್ತ್ರದಿಂದ ಕೊಯ್ಯದೆ, ಕ್ಷಾರವನ್ನು ಲೇಪಿಸಿದ ದಾರವನ್ನು ಅದರೊಳಗೆ ತೂರಿಸಿ ಕಟ್ಟಿ, ಆ ದಾರವೇ ದಿನದಿನಕ್ಕೆ ಮಾಂಸವನ್ನು ಸೀಳುವಂತೆ ಮಾಡುವ ಕ್ರಮವನ್ನೂ ವಿಧಿಸಿದ್ದಾನೆ. ಇಂದಿಗೂ ಆಯುರ್ವೇದದ ಆಸ್ಪತ್ರೆಗಳಲ್ಲಿ ಭಗಂದರಕ್ಕೆ ನಡೆಯುವ ಕ್ಷಾರಸೂತ್ರ ಚಿಕಿತ್ಸೆ ಇದೇ. ಬುದ್ಧಿಪೂರ್ವಕವಾಗಿ ಕಟ್ಟಿದ ಎಳೆಯ ಶಕ್ತಿಯನ್ನು ಇಷ್ಟು ಚೆನ್ನಾಗಿ ತಿಳಿದ ಜನರು, ಅಬುದ್ಧಿಪೂರ್ವಕವಾಗಿ ಸುತ್ತಿಕೊಂಡ ಎಳೆಯನ್ನು ಶಂಕಿಸದೆ ಹೋಗುವುದು ನನಗೆ ಬಹುಕಾಲದಿಂದಲೂ ಆಶ್ಚರ್ಯದ ಸಂಗತಿಯಾಗಿದೆ. ಮನೆಯ ಅಜ್ಜಿ ನರಹುಲಿಗೆ ಕೂದಲು ಕಟ್ಟಬಲ್ಲಳು. ಮೊಮ್ಮಗನ ಅಂಗವು ಬಾತಾಗ ಅದೇ ಕೂದಲು ಆಕೆಯ ನೆನಪಿಗೆ ಬಾರದು.

ಈ ಕೂದಲು ಬರುವುದೆಲ್ಲಿಂದ? ಬಹುಮಟ್ಟಿಗೆ ಹೆತ್ತ ತಾಯಿಯ ತಲೆಯಿಂದಲೇ. ಮನುಷ್ಯನ ತಲೆಯ ಮೇಲೆ ಸ್ಥೂಲವಾಗಿ ಒಂದು ಲಕ್ಷ ಕೂದಲುಗಳಿದ್ದು, ಪ್ರತಿದಿನ ಐವತ್ತರಿಂದ ನೂರು ಸಹಜವಾಗಿಯೇ ಉದುರುತ್ತವೆ. ಗರ್ಭಿಣಿಯ ದೇಹದಲ್ಲಿ ಏರಿದ ಅಂತಃಸ್ರಾವಗಳು ಉದುರಬೇಕಾದ ಕೂದಲನ್ನೂ ತಡೆದು ನಿಲ್ಲಿಸುವುದರಿಂದ ಆ ಕಾಲದಲ್ಲಿ ಜಡೆ ದಟ್ಟವಾಗಿ ಕಾಣುವುದು. ಹೆರಿಗೆಯಾಗಿ ಅಂತಃಸ್ರಾವಗಳು ಇಳಿದ ಮೇಲೆ, ಹೀಗೆ ಸಾಲದ ಮೇಲೆ ಉಳಿದಿದ್ದುದೆಲ್ಲ ಎರಡರಿಂದ ನಾಲ್ಕು ತಿಂಗಳ ಸುಮಾರಿಗೆ ಒಟ್ಟಾಗಿ ಉದುರತೊಡಗುವುದು. ಇದು ರೋಗವಲ್ಲ, ವರ್ಷ ತುಂಬುವುದರೊಳಗೆ ಬಹುಜನರಲ್ಲಿ ಮೊದಲಿನಂತಾಗುವುದು. ಆದರೆ ಬಾಣಂತಿಯ ಕೂದಲು ಅತ್ಯಧಿಕವಾಗಿ ಉದುರುವ ಆ ತಿಂಗಳುಗಳೂ, ಕೂಸು ಅವಳ ಮಡಿಲನ್ನು ಬಿಟ್ಟಿರಲಾರದ ತಿಂಗಳುಗಳೂ ಒಂದೇ ಆಗಿರುವುದು ಗಮನಾರ್ಹ. ಕಾಲ್ಬೆರಳಿಗೆ ಕೂದಲು ಸುತ್ತಿ ಬರುವ ಮಕ್ಕಳು ಬಹುಪಾಲು ಎರಡರಿಂದ ಆರು ತಿಂಗಳವರು. ಕೈಬೆರಳಿನ ತೊಂದರೆಯು ಅದಕ್ಕೂ ಎಳೆಯ ಕೂಸುಗಳಲ್ಲಿ, ಮುಖವನ್ನು ಪರಚಿಕೊಳ್ಳಬಾರದೆಂದು ಕೈಗೆ ತೊಡಿಸಿದ ಗವಸಿನ ಒಳಗಣ ಬಿಚ್ಚಿದ ನೂಲಿನಿಂದಾಗಿ, ಹೆಚ್ಚಾಗಿ ಕಾಣುವುದು. ಹುಡುಗಿಯರಲ್ಲಿಯೂ ಬಾಹ್ಯ ಜನನಾಂಗದ ಮಡಿಕೆಗಳಿಗೆ ಹೀಗೆ ಸುತ್ತಿಕೊಂಡ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿವೆ, ಅವು ವಿರಳ. ನಮ್ಮಲ್ಲಿ ಬಾಣಂತಿಯ ತಲೆಗೆ ಬಟ್ಟೆ ಕಟ್ಟಿ ಕಿವಿ ಮುಚ್ಚುವ ರೂಢಿಯು ಶೀತದ ಭಯದಿಂದ ಹುಟ್ಟಿದುದಾದರೂ, ಉದುರಿದ ಕೂದಲನ್ನು ಹಿಡಿದಿಡುವ ಉಪಕಾರವನ್ನೂ ಅದು ಮಾಡುತ್ತಿತ್ತೆಂದು ಹೇಳಬಹುದು. ಹಿರಿಯರು ಇದನ್ನೆಲ್ಲ ತಿಳಿದೇ ಆ ಪದ್ಧತಿಯನ್ನು ಮಾಡಿದರೆಂದು ಹೊಗಳುವ ಹವ್ಯಾಸ ನನಗಿಲ್ಲ. ಅದೃಷ್ಟವಶಾತ್ ಒದಗಿದ ಲಾಭಕ್ಕೆ ಜ್ಞಾನದ ಪಟ್ಟವನ್ನು ಕಟ್ಟಬಾರದು.

ಇನ್ನು ಶಿಶ್ನದ ಮಾತು. ಇಲ್ಲಿ ವಯಸ್ಸಿನ ಕ್ರಮವು ಬೇರೆ. ಕೆಲವು ತಿಂಗಳ ಕೂಸಿನಿಂದ ಹಿಡಿದು ಐದಾರು ವರ್ಷದ ಬಾಲಕನವರೆಗೆ, ವಿಶೇಷವಾಗಿ ಎರಡು ವರ್ಷದ ಆಸುಪಾಸಿನಲ್ಲಿ, ಈ ತೊಂದರೆ ಕಾಣುವುದು. ಮತ್ತು ಸುನ್ನತಿಯಾದ ಮಕ್ಕಳಲ್ಲಿಯೇ ಅಧಿಕವಾಗಿ ಕಾಣುವುದು. ಕಾರಣವು ಸ್ಪಷ್ಟವಾಗಿದೆ. ಶಿಶ್ನಮಣಿಯ ಹಿಂಬದಿಯಲ್ಲಿ ಸುತ್ತಲೂ ಒಂದು ತೋಡಿದೆ. ಮುಂದೊಗಲು ಇರುವಲ್ಲಿ ಆ ತೋಡು ಮುಚ್ಚಿರುತ್ತದೆ, ಅದು ಇಲ್ಲದಲ್ಲಿ ತೆರೆದಿರುತ್ತದೆ. ಹಾಸಿಗೆಯಲ್ಲಿಯೋ ಚಡ್ಡಿಯಲ್ಲಿಯೋ ಸೇರಿಕೊಂಡ ಕೂದಲು ಅಲ್ಲಿ ಜಾರಿ ಕುಳಿತರೆ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ತುರ್ಕಿ, ಈಜಿಪ್ಟ್, ಇರಾನ್, ಸೌದಿ ಅರೇಬಿಯಾ ಮೊದಲಾದ ದೇಶಗಳ ವೈದ್ಯರಿಂದ ಇದರ ವರದಿಗಳು ಹೆಚ್ಚಾಗಿ ಬಂದಿರುವುದು ಈ ಕಾರಣದಿಂದಲೇ. ಹೈದರಾಬಾದಿನ ಈ ನಾಂಪಲ್ಲಿಯಂಥ ಮೊಹಲ್ಲೆಯಲ್ಲಿ, ಯೂಸುಫೈನ್ ದರ್ಗಾದ ನೆರಳಿನಲ್ಲಿ ತಲೆಮಾರುಗಳಿಂದ ವಾಸಿಸುವ ಮುಸಲ್ಮಾನ ಕುಟುಂಬಗಳ ನಡುವೆ ವೃತ್ತಿ ಮಾಡುವ ವೈದ್ಯನು ಇದನ್ನು ಇತರರಿಗಿಂತ ಮೊದಲು ಬಲ್ಲವನಾಗಿರಬೇಕು. ಇದರಿಂದ ಸುನ್ನತಿಯ ಮೇಲೆ ದೋಷಾರೋಪಣೆ ಮಾಡಲು ಯಾರಾದರೂ ಹೊರಟರೆ ಅದು ಅವಿವೇಕ: ಆ ಸಂಸ್ಕಾರವಾದ ಅಸಂಖ್ಯಾತ ಮಕ್ಕಳಲ್ಲಿ ಇದು ಸಂಭವಿಸುವುದು ಅತ್ಯಲ್ಪರಿಗೆ, ಸುನ್ನತಿಯಿಲ್ಲದ ಮಕ್ಕಳೂ ಇದಕ್ಕೆ ಸಂಪೂರ್ಣವಾಗಿ ಹೊರತಲ್ಲ. ತಿಳಿಯಬೇಕಾದುದು ಇಷ್ಟೇ: ಸುನ್ನತಿಯಾಗಿ ವರ್ಷಗಳೇ ಕಳೆದ ಮಗುವಿನ ಶಿಶ್ನಮಣಿ ಹಠಾತ್ತಾಗಿ ಬಾತರೆ, ಅದನ್ನು ಹಳೆಯ ಗಾಯದ ಶೇಷವೆಂದು ತಳ್ಳಿಹಾಕತಕ್ಕದ್ದಲ್ಲ.

ಕೂದಲು ಅಲ್ಲಿ ಕುಳಿತ ಮೇಲೆ ನಡೆಯುವ ವ್ಯಾಪಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಈ ವಿಪತ್ತಿನ ವೈಚಿತ್ರ್ಯವೆಲ್ಲ ಅಲ್ಲಿದೆ. ಅಂಗವೊಂದಕ್ಕೆ ಶುದ್ಧರಕ್ತವನ್ನು ತರುವ ಧಮನಿಗಳಲ್ಲಿ ಒತ್ತಡ ಹೆಚ್ಚು, ಹಿಂದಕ್ಕೆ ಒಯ್ಯುವ ಸಿರೆಗಳಲ್ಲಿ ಕಡಿಮೆ, ರಸವನ್ನು ಒಯ್ಯುವ ಸೂಕ್ಷ್ಮನಾಳಗಳಲ್ಲಿ ಇನ್ನೂ ಕಡಿಮೆ. ಸಡಿಲವಾದ ಕಟ್ಟೊಂದು ಮೊದಲು ಮುಚ್ಚುವುದು ರಸನಾಳಗಳನ್ನು, ಬಳಿಕ ಸಿರೆಗಳನ್ನು. ಧಮನಿಗಳು ಇನ್ನೂ ತೆರೆದೇ ಇರುವುದರಿಂದ ಒಳಕ್ಕೆ ಬರುವ ದಾರಿಯಿದ್ದು ಹೊರಕ್ಕೆ ಹೋಗುವ ದಾರಿಯಿಲ್ಲದ ರಕ್ತವು ಅಂಗದಲ್ಲಿ ಮಡುಗಟ್ಟುತ್ತದೆ, ಬಾವು ಏರುತ್ತದೆ. ಬಾವು ಏರಿದಷ್ಟೂ ಕಟ್ಟು ಬಿಗಿಯುತ್ತದೆ, ಕಟ್ಟು ಬಿಗಿದಷ್ಟೂ ಬಾವು ಏರುತ್ತದೆ; ಒಂದು ಮತ್ತೊಂದನ್ನು ಪೋಷಿಸುವ ಈ ದುಶ್ಚಕ್ರವು ಕೊನೆಗೆ ಧಮನಿಗಳನ್ನೂ ಮುಚ್ಚಿದಾಗ ಶಿಶ್ನಮಣಿಯು ನೀಲಿಯಾಗಿ, ಬಳಿಕ ಕಪ್ಪಾಗಿ, ಕೊಳೆತು ಉದುರಿಹೋಗುವುದೂ ಸಂಭವ. ಪುಣ್ಯವಶಾತ್ ಅದು ವಿರಳ. ವಿರಳವಲ್ಲದ ಅನರ್ಥವು ಬೇರೊಂದಿದೆ.

ಶಿಶ್ನದೊಳಗೆ ಉದ್ದಕ್ಕೆ ಮೂರು ಸ್ತಂಭಗಳಿವೆ. ಮೇಲಿನ ಎರಡು ಗಟ್ಟಿಯಾದ ಬಿಳಿಯ ಪೊರೆಯ ಕವಚದೊಳಗಿವೆ. ಅವುಗಳ ಬೆನ್ನಿನ ಮೇಲೆ ನಡುವೆ ರಕ್ತನಾಳಗಳೂ ಸ್ಪರ್ಶಜ್ಞಾನವನ್ನು ಕೊಡುವ ನರಗಳೂ ಹಾದುಹೋಗುತ್ತವೆ. ಕೆಳಗಿನ ಮೂರನೆಯ ಸ್ತಂಭವು ಮೃದುವಾದುದು, ಅದರ ಕವಚವು ತೆಳುವಾದುದು, ಮತ್ತು ಮೂತ್ರನಾಳವು ಹರಿಯುವುದು ಅದರೊಳಗೆಯೇ. ಸುತ್ತಲೂ ಸಮವಾಗಿ ಒತ್ತುವ ಎಳೆಯು ಗಟ್ಟಿಯಾದ ಕವಚದ ಎದುರಿನಲ್ಲಿ ತಡೆದು ನಿಂತು, ಮೃದುವಾದ ಕೆಳಭಾಗವನ್ನು ಮೊದಲು ಕೊಯ್ಯುತ್ತದೆ. ಹೀಗೆ ಮೂತ್ರನಾಳದಲ್ಲಿ ರಂಧ್ರವಾಗಿ ಮೂತ್ರವು ತುದಿಯಿಂದಲ್ಲದೆ ತೋಡಿನ ಅಡಿಯಿಂದ ಹೊರಬರತೊಡಗುವುದು, ಧಾರೆ ಎರಡಾಗುವುದು, ಇನ್ನೂ ಉಪೇಕ್ಷಿಸಿದರೆ ನಾಳವೇ ಪೂರ್ತಿಯಾಗಿ ತುಂಡಾಗುವುದು. ಇದೆಲ್ಲಕ್ಕೂ ಹಿಡಿಯುವ ಕಾಲವು ಗಂಟೆಗಳಲ್ಲ, ಅನೇಕ ಸಂದರ್ಭಗಳಲ್ಲಿ ದಿನಗಳು, ಕೆಲವೊಮ್ಮೆ ವಾರಗಳು. ಕೂದಲು ಕೊಯ್ಯುತ್ತ ಹೋದಂತೆ ಹಿಂದಿನಿಂದ ಚರ್ಮವು ಕೂಡಿಕೊಳ್ಳುತ್ತ ಬರುವುದರಿಂದ, ಕೆಲವು ದಿನಗಳ ಮೇಲೆ ನೋಡಿದವರಿಗೆ ಕೂದಲೇ ಕಾಣಿಸದು. ಸುತ್ತಲೂ ಒಂದು ಗೆರೆ, ಅದರ ಮುಂದೆ ಊದಿದ ಮಣಿ, ಇಷ್ಟು ಮಾತ್ರ ಕಾಣುವುದು.

ಮಕ್ಕಳ ಮೂತ್ರಾಂಗಗಳ ವಿಪತ್ತುಗಳಲ್ಲಿ ಸುಪ್ರಸಿದ್ಧವಾದುದು ವೃಷಣವು ತಿರುಚಿಕೊಳ್ಳುವುದು. ಅಲ್ಲಿ ಸುಮಾರು ಆರು ಗಂಟೆಗಳ ಒಳಗೆ ತಿರುಚನ್ನು ಬಿಡಿಸದಿದ್ದರೆ ವೃಷಣವು ಉಳಿಯುವ ಸಂಭವವು ಶೀಘ್ರವಾಗಿ ಕ್ಷೀಣಿಸುವುದು. ನೋವು ಭಯಂಕರವಾದುದರಿಂದ ಮನೆಯವರು ಓಡಿ ಬರುತ್ತಾರೆ. ಕೂದಲಿನ ಬಂಧನವು ಹಾಗಲ್ಲ. ಎರಡು ಮೂರು ವರ್ಷದ ಹುಡುಗನು ಆಟವಾಡಿಕೊಂಡೇ ಇರುತ್ತಾನೆ, ಜ್ವರವಿರುವುದಿಲ್ಲ, ಮೂತ್ರವು ಹೇಗೋ ಹೋಗುತ್ತಿರುತ್ತದೆ. ತುರ್ತು ಎಂಬುದು ಗದ್ದಲ ಮಾಡಿಕೊಂಡೇ ಬರಬೇಕೆಂಬ ನಿಯಮವೇನೂ ಇಲ್ಲವಷ್ಟೆ; ಮೆಲ್ಲಗೆ ಬರುವ ತುರ್ತು ಹೆಚ್ಚು ಅಪಾಯಕರವೆಂದು ನಾನು ತಿಳಿದಿದ್ದೇನೆ, ಏಕೆಂದರೆ ಅದು ನಮಗೆ ಕಾಯುವ ಸಮಯವನ್ನು ಧಾರಾಳವಾಗಿ ಕೊಡುತ್ತದೆ.

ಆ ಸಮಯವು ವ್ಯಯವಾಗುವ ರೀತಿಯನ್ನು ಹೇಳುತ್ತೇನೆ. ಬೀದರಿನ ಕಡೆಯದೊಂದು ಕುಟುಂಬವೆಂದು ಭಾವಿಸೋಣ. ಇದು ಯಾವ ಒಬ್ಬ ಮಗುವಿನ ಕಥೆಯೂ ಅಲ್ಲ, ಇಂಥ ಪ್ರಸಂಗಗಳ ಸಾಮಾನ್ಯ ನಡೆ. ಮೊದಲ ದಿನ ತಾಯಿ ನೋಡಿ ಅತ್ತೆಗೆ ಹೇಳುವಳು. ಇರುವೆ ಕಚ್ಚಿರಬೇಕೆಂದು ಅತ್ತೆ ಕೊಬ್ಬರಿಯೆಣ್ಣೆ ಸವರುವಳು. ಎರಡನೆಯ ದಿನ ಅರಿಸಿನದ ಲೇಪ. ಮೂರನೆಯ ದಿನ ದೃಷ್ಟಿ ತೆಗೆಯುವುದು. ಗಂಡನಿಗೆ ಹೇಳುವ ಹೊತ್ತಿಗೆ ನಾಲ್ಕು ದಿನಗಳಾಗಿರುವುವು. ಊರಿನ ಡಾಕ್ಟರಲ್ಲಿ, “ಕೂಸಿಗಿ ಒಂದಕ್ಕ ಹೋಗಾ ಕಡಿ ಬಾತದರಿ” ಎಂದು ನೆಲ ನೋಡಿಕೊಂಡು ಹೇಳಿದಾಗ, ಆತನೂ ಚಡ್ಡಿಯನ್ನು ಅರೆ ಇಳಿಸಿ ಕ್ಷಣಮಾತ್ರ ನೋಡಿ, ಸೋಂಕೆಂದು ಬಗೆದು, ಐದು ದಿನದ ಔಷಧವನ್ನು ಬರೆದುಕೊಡುವನು. ಬಾವು ಇಳಿಯದು, ಔಷಧ ಬದಲಾಗುವುದು. ಧಾರೆಯು ಅಡಿಯಿಂದ ಬರತೊಡಗಿದಾಗ, ಇದು ಹುಟ್ಟಿನಿಂದಲೇ ಇದ್ದ ಮೂತ್ರದ್ವಾರದ ದೋಷವಿರಬೇಕೆಂದು ಮತ್ತೊಬ್ಬರು ಹೇಳುವರು. ನೂರ ನಲವತ್ತು ಕಿಲೋಮೀಟರು ದೂರದ ಈ ನಗರಕ್ಕೆ ಅವರು ಬಂದು ಮುಟ್ಟುವಾಗ ಕೂದಲು ತನ್ನ ಕೆಲಸವನ್ನು ಮುಗಿಸಿರುವುದು. ಈ ಸರಣಿಯಲ್ಲಿ ದುಷ್ಟರು ಯಾರೂ ಇಲ್ಲ. ಪ್ರತಿಯೊಬ್ಬರೂ ಮಗುವಿನ ಹಿತವನ್ನೇ ಬಯಸಿದವರು. ಆದರೆ ಅದೇ ಬಾವು ಮಗುವಿನ ಮೂಗಿನ ಮೇಲೆ ಇದ್ದಿದ್ದರೆ ಹತ್ತು ಜನ ಹತ್ತಿರ ಬಂದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡುತ್ತಿದ್ದರು. ಲಜ್ಜೆಯ ಅಂಗವಾದುದರಿಂದ ಎಲ್ಲರೂ ನೋಡಿಯೂ ನೋಡದವರಾದರು. ವೈದ್ಯನ ಲಜ್ಜೆಯನ್ನಂತೂ ನಾನು ಕ್ಷಮಿಸಲಾರೆ.

ಮಾತು ಬಾರದ ಕೂಸಿನ ವಿಷಯದಲ್ಲಿ ಸಂಕಟವು ಇನ್ನೊಂದು ಬಗೆಯದು. ಅದು ಅಳುತ್ತದೆ, ಹಾಲು ಕೊಟ್ಟರೂ ನಿಲ್ಲದು, ತೂಗಿದರೂ ನಿಲ್ಲದು. ಹೊಟ್ಟೆನೋವೆಂದು ಬಜೆ ತೇಯ್ದು ನೆಕ್ಕಿಸುವುದು, ಕಿವಿನೋವೆಂದು ಊಹಿಸುವುದು, ಬಾಲಗ್ರಹವೆಂದು ಹೆದರುವುದು ನಮ್ಮಲ್ಲಿ ಪ್ರಾಚೀನ. ಪ್ರಾಚೀನರೆಲ್ಲರೂ ಊಹೆಯಲ್ಲಿಯೇ ನಿಂತಿರಲಿಲ್ಲವೆಂಬುದಕ್ಕೆ ಕಾಶ್ಯಪ ಸಂಹಿತೆಯು ಸಾಕ್ಷಿ. ನೇಪಾಳದಲ್ಲಿ ದೊರೆತ ಖಂಡಿತವಾದ ತಾಳೆಗರಿಯ ಪ್ರತಿಯಿಂದ 1938ರಲ್ಲಿ ಅಚ್ಚಾದ ಆ ಬಾಲವೈದ್ಯ ಗ್ರಂಥದಲ್ಲಿ ವೇದನಾಧ್ಯಾಯವೆಂಬ ಒಂದು ಪ್ರಕರಣವಿದೆ. ನುಡಿಯಲಾರದ ಶಿಶುವಿನ ನೋವು ಎಲ್ಲಿದೆಯೆಂಬುದನ್ನು ಅದರ ಚೇಷ್ಟೆಗಳಿಂದ ಅರಿಯುವ ಬಗೆಯನ್ನು ಅಲ್ಲಿ ಹೇಳಿದೆ: ಕಿವಿನೋವಿನಲ್ಲಿ ಕೂಸು ಕೈಯಿಂದ ಕಿವಿಯನ್ನು ಮುಟ್ಟುವುದು, ಮೂತ್ರಕೃಚ್ಛ್ರದಲ್ಲಿ, ಎಂದರೆ ಮೂತ್ರವು ಕಷ್ಟದಿಂದ ಹೋಗುವಾಗ, ತುಟಿಯನ್ನು ಕಚ್ಚಿಕೊಳ್ಳುವುದು, ಮೂತ್ರ ಮಾಡುವಾಗ ನರಳುವುದು, ಕೈಯನ್ನು ಬಸ್ತಿಪ್ರದೇಶಕ್ಕೆ ಒಯ್ಯುವುದು. ಇಷ್ಟು ಸೂಕ್ಷ್ಮವಾಗಿ ನೋಡಿದ ಆ ಆಚಾರ್ಯನ ಕಣ್ಣು ನಮ್ಮ ಹೊರರೋಗಿ ವಿಭಾಗಗಳಲ್ಲಿ ಬೇಕಾಗಿದೆ. ಸಂತೈಸಲಾಗದಂತೆ ಅಳುವ ಕೂಸಿನ ಮೈಮೇಲಿನ ಬಟ್ಟೆಯನ್ನೆಲ್ಲ, ಟೊಪ್ಪಿಗೆಯಿಂದ ಕಾಲುಚೀಲದವರೆಗೆ, ಉಡಿದಾರವೊಂದುಳಿದು ಏನನ್ನೂ ಬಿಡದೆ ಬಿಚ್ಚಿ, ಬೆಳಕಿನಲ್ಲಿ ಮಲಗಿಸಿ, ಹತ್ತು ಕೈಬೆರಳು, ಹತ್ತು ಕಾಲ್ಬೆರಳು, ಗಂಡಾದರೆ ಶಿಶ್ನ, ಹೆಣ್ಣಾದರೆ ಜನನಾಂಗದ ಮಡಿಕೆಗಳು, ಇವನ್ನು ಒಂದೊಂದಾಗಿ ನೋಡದೆ ಹೊಟ್ಟೆನೋವೆಂಬ ನಿರ್ಣಯಕ್ಕೆ ಬರುವ ವೈದ್ಯನು ತನ್ನ ಪಾಠವನ್ನು ಮರೆತವನು. ತಾಯಿಯೂ ಇದನ್ನು ಮಾಡಬಲ್ಲಳು. ಸ್ನಾನದ ಹೊತ್ತು ಅದಕ್ಕೆ ಸಹಜವಾದ ಅವಕಾಶ.

ಕೂದಲಿನ ತುದಿಯು ಹೊರಗೆ ಕಾಣುತ್ತಿದ್ದು, ಬಾವಿಲ್ಲದೆ, ತಾನಾಗಿ ಬಿಚ್ಚಿ ಬರುವಂತಿದ್ದರೆ ಮನೆಯಲ್ಲಿಯೇ ಬಿಚ್ಚಬಹುದು. ಬಾವಿದ್ದರೆ ಬ್ಲೇಡು, ಪಿನ್ನು, ಉಗುರುಕತ್ತರಿಗಳನ್ನು ಮುಟ್ಟತಕ್ಕದ್ದಲ್ಲ. ಅರಿಸಿನ, ಬೂದಿ, ಸುಣ್ಣ, ನೇರಿಳೆ ಬಣ್ಣದ ಔಷಧ, ಇವು ಯಾವುವನ್ನೂ ಹಚ್ಚತಕ್ಕದ್ದಲ್ಲ. ಅವುಗಳಿಂದ ಉಪಯೋಗವಿಲ್ಲವೆಂಬುದು ಹಾಗಿರಲಿ, ಮುಖ್ಯವಾಗಿ ನೋಡಬೇಕಾದ ಬಣ್ಣವೂ ಗೆರೆಯೂ ಮರೆಯಾಗುವುವು. ಮಗುವನ್ನು ಎತ್ತಿಕೊಂಡು ನೇರವಾಗಿ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗತಕ್ಕದ್ದು, ರಾತ್ರಿಯಾದರೆ ರಾತ್ರಿಯೇ.

ನಾಂಪಲ್ಲಿಯವರಿಗೆ ಈ ಮಾತು ಹೇಳುವುದು ಸುಲಭ. ಇಲ್ಲಿಂದ ಕೂಗಳತೆಯಲ್ಲಿ, ರೆಡ್ ಹಿಲ್ಸ್‌ನಲ್ಲಿ, ನಿಲೋಫರ್ ಆಸ್ಪತ್ರೆಯಿದೆ. ಉಸ್ಮಾನೀ ತುರ್ಕರ ರಾಜವಂಶದಲ್ಲಿ ಹುಟ್ಟಿ, 1931ರಲ್ಲಿ ಕೊನೆಯ ನಿಜಾಮರ ಎರಡನೆಯ ಮಗನಾದ ಮುಅಜ್ಜಮ್ ಜಾಹನನ್ನು ವರಿಸಿ ಹೈದರಾಬಾದಿಗೆ ಬಂದ ರಾಜಕುಮಾರಿ ನಿಲೋಫರ್, ತಾನು ಮಕ್ಕಳಿಲ್ಲದವಳಾಗಿದ್ದು, ತನ್ನ ಪರಿಚಾರಿಕೆಯೊಬ್ಬಳು ಹೆರಿಗೆಯಲ್ಲಿ ಮೃತಳಾದುದರಿಂದ ನೊಂದು, ತಾಯಿಮಕ್ಕಳಿಗಾಗಿ ಮಾಡಿದ ಸಂಕಲ್ಪದ ಫಲವಾಗಿ 1953ರಲ್ಲಿ ಅದು ಆರಂಭವಾಯಿತು. ಆಗ ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಕನ್ನಡದ ತಾಯಂದಿರಿಗೆ ರಾಜಧಾನಿಯ ಆಸ್ಪತ್ರೆಯೆಂದರೆ ಇದೇ ಆಗಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರೋಗಿಗಳು ಮಾತ್ರ ಹಳೆಯ ದಾರಿಯನ್ನು ಬಿಡಲಿಲ್ಲ. ನಾಂಪಲ್ಲಿ ಸ್ಟೇಷನ್ನಿನಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದು, ಬೀದರಿನ ಕನ್ನಡದಲ್ಲಿ ಆಸ್ಪತ್ರೆಯ ದಾರಿ ಕೇಳುವವರನ್ನು ಈ ಸಭೆಯಲ್ಲಿ ಕುಳಿತವರು ಕಂಡೇ ಇರುತ್ತೀರಿ.

ಆಸ್ಪತ್ರೆಯಲ್ಲಿ ನಡೆಯುವುದನ್ನು ಸಂಗ್ರಹವಾಗಿ ಹೇಳುತ್ತೇನೆ. ಬೆರಳಿನ ಚರ್ಮ ಹರಿಯದಿದ್ದಲ್ಲಿ, ಕೂದಲು ತೆಗೆಯುವ ಲೇಪವನ್ನು ಸುಮಾರು ಹತ್ತು ನಿಮಿಷ ಹಚ್ಚಿಟ್ಟು ಎಳೆಯನ್ನು ಕರಗಿಸುವುದುಂಟು. ಕೂದಲಿನ ಸತ್ವವಾದ ಕೆರಾಟಿನ್ನಿನ ಗಂಧಕದ ಬೆಸುಗೆಗಳನ್ನು ಅದು ಬಿಡಿಸುತ್ತದೆ. ಹತ್ತಿಯ ನೂಲಿಗೂ ನೈಲಾನಿಗೂ ಅದು ನಿರುಪಯೋಗಿ. ಹುಣ್ಣಾದಲ್ಲಿಯೂ ಶಿಶ್ನಮಣಿಯ ಮೃದುತ್ವಚೆಯ ಮೇಲೆಯೂ ಅದು ಸುಡಬಹುದಾದುದರಿಂದ, ನಾವು ಈಗ ಮಾತನಾಡುತ್ತಿರುವ ಅಂಗದ ಮೇಲೆ ಅದನ್ನು ಪ್ರಯೋಗಿಸಲು ನಾನು ಒಲ್ಲೆ. ಇಲ್ಲಿ ಯೋಗ್ಯವಾದುದು ಮಗುವಿಗೆ ಅರಿವಳಿಕೆ ಕೊಟ್ಟು, ಹಿಗ್ಗಿಸಿ ತೋರಿಸುವ ಕನ್ನಡಕವನ್ನು ಧರಿಸಿ, ಸಾವಧಾನವಾಗಿ ಹುಡುಕುವುದು. ಬಾವಿನಲ್ಲಿ ಹುದುಗಿದ ಎಳೆ ಸಿಗದಿದ್ದರೆ ಛೇದನ ಮಾಡಬೇಕಾಗುವುದು. ಬೆನ್ನಿನ ಮೇಲೆ ನರಗಳಿವೆ, ಅಡಿಯಲ್ಲಿ ಮೂತ್ರನಾಳವಿದೆ. ಆದುದರಿಂದ ಎರಡನ್ನೂ ತಪ್ಪಿಸಿ, ಮೇಲಿನ ಸ್ತಂಭವೂ ಕೆಳಗಿನ ಸ್ತಂಭವೂ ಕೂಡುವ ಪಕ್ಕದ ಸಂಧಿಯಲ್ಲಿ, ಗಡಿಯಾರದ ಮುಖವೆಂದು ಎಣಿಸಿದರೆ ನಾಲ್ಕು ಅಥವಾ ಎಂಟರ ಸ್ಥಾನದಲ್ಲಿ, ಉದ್ದಕ್ಕೆ ಕೊಯ್ದು ಎಳೆಯನ್ನು ತುಂಡರಿಸುವುದು ಕ್ರಮ. ಒಂದು ಸುತ್ತು ತುಂಡಾದೊಡನೆ ಸಂತೋಷಪಟ್ಟು ಕೈತೊಳೆದುಕೊಳ್ಳುವಂತಿಲ್ಲ. ಎರಡನೆಯ ಸುತ್ತು, ಎರಡನೆಯ ಕೂದಲು, ಅದಕ್ಕೆ ಹೆಣೆದುಕೊಂಡ ಬಟ್ಟೆಯ ನಾರು, ಇವು ಉಳಿದಿರುವುದು ಸಾಮಾನ್ಯ. ಬಣ್ಣವು ತಿಳಿಯಾಯಿತೇ, ಬಾವು ಇಳಿಯುತ್ತಿದೆಯೇ ಎಂದು ಮರುದಿನ ಮತ್ತೆ ನೋಡಲೇಬೇಕು.

ಅರಿವಳಿಕೆಯ ಮಾತು ಬಂದುದರಿಂದ ಒಂದು ಕ್ಷಣ ದಾರಿ ತಪ್ಪಲು ಅಪ್ಪಣೆಯಿರಲಿ. ಶಿಶ್ನಕ್ಕೆ ಕಟ್ಟುಬಿದ್ದ ಪ್ರಸಂಗವೊಂದು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1832ರಷ್ಟು ಹಿಂದೆಯೇ ಅಚ್ಚಾಗಿದೆ. ಆಗ ಅರಿವಳಿಕೆಯೆಂಬುದೇ ಇರಲಿಲ್ಲ, ಎಚ್ಚರವಿರುವ ಮಗುವನ್ನು ಹಿಡಿದುಕೊಂಡೇ ಎಲ್ಲವೂ ನಡೆಯಬೇಕಾಗಿತ್ತು. ಅದಾಗಿ ಐವತ್ತೇಳು ವರ್ಷಗಳ ಮೇಲೆ, ಕ್ಲೋರೋಫಾರ್ಮು ಮೊದಲು ನಿಲ್ಲಿಸುವುದು ಉಸಿರನ್ನೋ ಹೃದಯವನ್ನೋ ಎಂಬ ವಿವಾದವನ್ನು ತೀರಿಸಲು, ಆರನೆಯ ನಿಜಾಮರು ಕೊಟ್ಟ ಹಣದಿಂದ, ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ನಾಗಿದ್ದ ಎಡ್ವರ್ಡ್ ಲಾರಿಯ ಆಹ್ವಾನದ ಮೇರೆಗೆ, ಅದೇ ‘ಲ್ಯಾನ್ಸೆಟ್’ ತನ್ನ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಎಂಬ ಪಂಡಿತನನ್ನು 1889ರಲ್ಲಿ ಈ ಹೈದರಾಬಾದಿಗೇ ಕಳುಹಿಸಿತು. ಉಸಿರೇ ಮೊದಲು ನಿಲ್ಲುವುದೆಂದು ಇಲ್ಲಿ ಮಾಡಿದ ತೀರ್ಮಾನವು ಮುಂದೆ ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದು ನಿಜ. ಆದರೂ ಅರಿವಳಿಕೆ ಕೊಡುವಾಗ ಉಸಿರಾಟದ ಮೇಲೆ ಕಣ್ಣಿಡಬೇಕೆಂದು ಲಾರಿ ತನ್ನ ವಿದ್ಯಾರ್ಥಿಗಳಿಗೆ ಕಲಿಸಿದುದು ವ್ಯರ್ಥವಾಗಲಿಲ್ಲ.

ಕೊನೆಯದಾಗಿ, ಕಟ್ಟು ಬಿಚ್ಚಿದ ಮೇಲಿನ ಎರಡು ವಿಷಯಗಳು. ಮೊದಲನೆಯದು ಸಂಶಯದ ಪ್ರಶ್ನೆ. ಇದು ಯಾರಾದರೂ ಬೇಕೆಂದು ಕಟ್ಟಿದುದಿರಬಹುದೇ ಎಂದು ವೈದ್ಯನು ಯೋಚಿಸಲೇಬೇಕು. ಹಾಸಿಗೆ ಒದ್ದೆ ಮಾಡುವ ಹುಡುಗನಿಗೆ ದಾರ ಕಟ್ಟುವ ಮೌಢ್ಯವು ಅಲ್ಲಲ್ಲಿ ಉಂಟು, ಮಕ್ಕಳಿಗೆ ಹಿಂಸೆ ಕೊಡುವವರೂ ಉಂಟು. ಅಚ್ಚುಕಟ್ಟಾದ ಗಂಟು, ದಪ್ಪ ದಾರ, ಮೈಮೇಲಿನ ಬೇರೆ ಗಾಯಗಳು, ಹೇಳಿಕೆಯಲ್ಲಿ ಹೊಂದಾಣಿಕೆಯಿಲ್ಲದಿರುವುದು, ಇವು ಶಂಕೆಗೆ ಎಡೆ. ಆದರೆ ಬಹುಪಾಲು ಪ್ರಸಂಗಗಳು ಕೇವಲ ಆಕಸ್ಮಿಕ. ತನ್ನ ಕೂದಲೇ ತನ್ನ ಮಗುವನ್ನು ಕೊಯ್ದಿತೆಂದು ತಿಳಿದ ತಾಯಿಯ ಮುಖವನ್ನು ನೋಡಿದವನು, ಆಕೆಯನ್ನು ಅಪರಾಧಿಯಂತೆ ಪ್ರಶ್ನಿಸಲಾರನು. ಬಾಣಂತಿಯ ಕೂದಲು ಉದುರುವುದು ಸಹಜವೆಂದೂ, ಇದು ಅಜಾಗ್ರತೆಯ ಫಲವಲ್ಲವೆಂದೂ, ಗಂಡನೂ ಅತ್ತೆಯೂ ಇರುವಾಗಲೇ, ಅವರ ಕಿವಿಗೆ ಬೀಳುವಂತೆ ಹೇಳಬೇಕು.

ಎರಡನೆಯದು ಮೂತ್ರನಾಳದ ರಂಧ್ರವನ್ನು ಮುಚ್ಚುವ ವಿಷಯ. ಬೇಗ ಬಂದ ಮಗುವಿಗೆ ಇದು ಬೇಕಾಗುವುದಿಲ್ಲ. ಕಟ್ಟು ಬಿಚ್ಚಿದ ಕೆಲವು ದಿನಗಳಲ್ಲಿ ಬಾವು ಇಳಿದು ಎಲ್ಲವೂ ಮೊದಲಿನಂತಾಗುವುದು. ತಡವಾಗಿ ಬಂದವನಿಗೆ, ಗಾಯದ ಉರಿ ಆರಿ ಅಂಗಾಂಶಗಳು ಮೃದುವಾಗುವವರೆಗೆ ಕೆಲವು ತಿಂಗಳು ಕಾದು, ಬಳಿಕ ರಂಧ್ರವನ್ನು ಪದರಪದರವಾಗಿ ಹೊಲಿಯಬೇಕಾಗುವುದು. ಒಮ್ಮೆಗೇ ಕೂಡದೆ ಎರಡನೆಯ ಸಾರಿ ಹೊಲಿಯುವುದೂ ಉಂಟು. ಈ ಕೆಲವು ತಿಂಗಳುಗಳೇ ಕಷ್ಟದವು. ನೋವಿಲ್ಲ, ಬಾವಿಲ್ಲ, ಹುಡುಗ ಓಡಾಡುತ್ತಿದ್ದಾನೆ. ಬಿತ್ತನೆಯ ಕಾಲ, ಮದುವೆಯ ಕಾಲ, ಊರಿನಿಂದ ಹೊರಡಲು ತಂದೆಗೆ ಬಿಡುವಿಲ್ಲ. ದಿನಗಳು ಉರುಳಿ ಮಗುವು ಬಾರದೆಯೇ ಹೋಗುವುದು. ಆದುದರಿಂದ ಮನೆಗೆ ಕಳುಹಿಸುವ ದಿನವೇ ಮುಂದಿನ ತಾರೀಖನ್ನು ಗೊತ್ತುಮಾಡಬೇಕು, ಅದನ್ನು ಇಂಗ್ಲಿಷಿನ ಚೀಟಿಯಲ್ಲಿ ಮಾತ್ರ ಬರೆದುಕೊಡದೆ, ಮನೆಯವರು ಓದುವ ಭಾಷೆಯಲ್ಲಿ, ಕನ್ನಡವಾದರೆ ಕನ್ನಡದಲ್ಲಿ, ಉರ್ದುವಾದರೆ ಉರ್ದುವಿನಲ್ಲಿ ಬರೆದುಕೊಡಬೇಕು, ಮತ್ತು ಈ ಶಸ್ತ್ರಕ್ರಿಯೆಯನ್ನು ಹುಡುಗನು ಶಾಲೆಗೆ ಸೇರುವುದಕ್ಕೆ ಮೊದಲೇ ಮುಗಿಸಬೇಕೆಂದು, ಇತರ ಹುಡುಗರ ಸಾಲಿನಲ್ಲಿ ನಿಂತು ಮೂತ್ರ ಮಾಡಲಾರದವನು ಅನುಭವಿಸುವ ಅವಮಾನ ಎಂಥದೆಂದು, ತಂದೆಗೆ ತಿಳಿಯುವಂತೆ ಬಿಡಿಸಿ ಹೇಳಬೇಕು.